ಕಾಲು ಹಿಡಿಯುವ ಕೆಲಸ

ಕಳೆದ ವರ್ಷ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನಿನ್ನೂ ಮೊದಲನೆಯ ಲೋಟ ಕಾಫಿ ಮುಗಿಸಿರಲಿಲ್ಲ, ಅಮೆರಿಕದಿಂದ ಅಕ್ಕನ ಫೋನು ಬಂತು. "ಪುಟ್ಟಿಗೆ ರೆಸಿಡೆನ್ಸಿ ಸಿಕ್ತು ಕಣೋ" ಎಂದಳು. ದನಿಯಲ್ಲಿದ್ದದ್ದು ಸಂತೋಷವೋ ಸಂಕೋಚವೋ ಗೊತ್ತಾಗಲಿಲ್ಲ. ನನ್ನಂಥ ಹಳೆಯ ಮೈಸೂರಿನವನಿಗೆ ರೆಸಿಡೆನ್ಸಿ ಎಂದೊಡನೆ ನೆನಪಾಗುವುದು ಬೆಂಗಳೂರಿನ ರೆಸಿಡೆನ್ಸಿ ರಸ್ತೆ. ಅದು ಬಿಟ್ಟರೆ ಬ್ರಿಟಿಷರ ಕಾಲದಲ್ಲಿ ರೆಸಿಡೆಂಟ್ ಸಾಹೇಬರು ವಾಸವಾಗಿದ್ದ, ಈಗ ರಾಜಭವನವಾಗಿರುವ ಬಂಗಲೆ. ನಮ್ಮ ಪುಟ್ಟಿಗೆ ಇವೆರಡರಲ್ಲಿ ಯಾವುದೂ ಸಿಕ್ಕುವ ಸಂಭವವಿಲ್ಲವೆಂದು ಹೊಳೆಯಲು ಇನ್ನೆರಡು ಗುಟುಕು ಕಾಫಿ ಬೇಕಾಯಿತು.

ವೈದ್ಯಶಾಸ್ತ್ರದಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಓದು ಮುಗಿಸಿದ ಎಳೆಯ ವೈದ್ಯರು ಆಸ್ಪತ್ರೆಯಲ್ಲಿಯೇ ವಾಸವಾಗಿದ್ದು ಹಿರಿಯರ ಕೈಕೆಳಗೆ ಕೆಲಸ ಕಲಿಯುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ನೆಲೆಗೊಳಿಸಿದರು. ವಾಸವಾಗಿರುವವನು ರೆಸಿಡೆಂಟ್, ಅವನ ಕಲಿಕೆ ರೆಸಿಡೆನ್ಸಿ. ನಮ್ಮವರಾಗಿದ್ದರೆ ಗುರುಕುಲವಾಸವೆಂದು ಕರೆದು ಸುಮ್ಮನಾಗುತ್ತಿದ್ದರು.

"ಹಾಗಾದರೆ ಪುಟ್ಟಿ ಡಾಕ್ಟರಾದಳೇನೆ?" ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. "ಇಲ್ಲ ಕಣೋ. ಅವಳು ಅಥ್ಲೆಟಿಕ್ ಟ್ರೇನರ್ ಅಲ್ವೆ? ಟ್ರೇನರುಗಳಿಗೇ ಒಂದು ರೆಸಿಡೆನ್ಸಿ ಇದೆಯಂತೆ. ಮೂಳೆ ಡಾಕ್ಟರ ಹತ್ತಿರ, ಒಂದು ವರ್ಷ. ಆಪರೇಷನ್ ಥಿಯೇಟರಿನೊಳಕ್ಕೂ ಬಿಡ್ತಾರಂತೆ."

"ಒಳಕ್ಕೆ ಬಿಟ್ಟು ಏನು ಮಾಡಿಸ್ತಾರೆ?"

"ಕಾಲು ಹಿಡಿಸ್ತಾರಂತೆ" ಎಂದವಳೇ ಅಕ್ಕ, ಊರಿನಲ್ಲಿ ಮಳೆ ಹೇಗಿದೆ ಎಂದು ಮಾತು ತಿರುಗಿಸಿದಳು.

ಅವಳ ಕಷ್ಟ ನನಗೆ ಅರ್ಥವಾಯಿತು. ನಮ್ಮ ಭಾಷೆಯಲ್ಲಿ ಕಾಲು ಹಿಡಿಯುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ವರ್ಗಾವಣೆಗಾಗಿ ಕಾಲು ಹಿಡಿಯುತ್ತಾರೆ, ಸೀಟಿಗಾಗಿ ಹಿಡಿಯುತ್ತಾರೆ. ವಸುದೇವನಂಥವನೇ ಗತಿಯಿಲ್ಲದೆ ಕತ್ತೆಯ ಕಾಲು ಹಿಡಿದನೆಂದು ನಮ್ಮ ಅಜ್ಜಿಯರು ಹೇಳಿಕೊಂಡು ಬಂದಿದ್ದಾರೆ. ಅಮೆರಿಕಕ್ಕೆ ಹೋಗಿ ಹದಿನೆಂಟು ವರ್ಷವಾದ ಮೇಲೆ, ಸ್ನಾತಕೋತ್ತರ ಪದವಿ ಪಡೆದ ಮಗಳು ಊರವರ ಕಾಲು ಹಿಡಿಯುತ್ತಾಳೆಂದು ಯುಗಾದಿಯ ದಿನ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಹೇಳಿಕೊಳ್ಳುವುದು ಹೇಗೆ? ಆ ಪಂಕ್ತಿಯಲ್ಲಿ ಪಲ್ಯ ಬಡಿಸುವುದಕ್ಕೆ ಮೊದಲೇ ಕೇಳುವ ಪ್ರಶ್ನೆ, "ನಿಮ್ಮ ಮಗಳು ಮೆಡಿಸಿನ್ನೇ?" ಎಂಬುದಂತೆ.

ಟ್ರೇನರ್ ಎಂಬ ಶಬ್ದವೂ ಅಕ್ಕನಿಗೆ ಶತ್ರುವಾಗಿದೆ. ಕೇಳಿದವರು ಡ್ರಿಲ್ ಮೇಷ್ಟರೆಂದುಕೊಳ್ಳುತ್ತಾರೆ. ಇಲ್ಲವೇ ಶ್ರೀಮಂತರ ಮನೆಗೆ ಹೋಗಿ ಹೊಟ್ಟೆ ಕರಗಿಸುವವರೆಂದುಕೊಳ್ಳುತ್ತಾರೆ. ಇವರು ಆ ಇಬ್ಬರೂ ಅಲ್ಲ. ಅಮೆರಿಕದ ಶಾಲೆ ಕಾಲೇಜುಗಳ ಮೈದಾನದಂಚಿನಲ್ಲಿ ಒಂದು ಚೀಲ ಹಿಡಿದು ನಿಂತಿರುತ್ತಾರಲ್ಲ, ಆಟಗಾರ ಬಿದ್ದಾಗ ಮೊದಲು ಓಡುವವರು, ಅವರು. ಬಿದ್ದವನನ್ನು ಅಲುಗಿಸಬಹುದೋ ಬಾರದೋ ಎಂದು ತೀರ್ಮಾನಿಸುವುದರಿಂದ ಹಿಡಿದು, ಅವನನ್ನು ಮತ್ತೆ ಮೈದಾನಕ್ಕಿಳಿಸುವವರೆಗೂ ಅವರ ಹೊಣೆ. 1950ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸೇರಿ ತಮ್ಮ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಇದೂ ವೈದ್ಯಕ್ಕೆ ಸೇರಿದ ಒಂದು ವೃತ್ತಿಯೇ ಎಂದು ಅಮೆರಿಕದ ವೈದ್ಯರ ಸಂಘ ಒಪ್ಪಿಕೊಳ್ಳಲು ಇನ್ನೂ ನಲವತ್ತು ವರ್ಷ ಹಿಡಿಯಿತು. ಅದು 1990ರ ಮಾತು. ಮೊದಲು ಪದವಿ ಮುಗಿಸಿದರೆ ಸಾಕಾಗಿತ್ತು. 2022ರ ಶರತ್ಕಾಲದ ತರುವಾಯ ಪದವಿಯ ಮಟ್ಟದ ತರಗತಿಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಸ್ನಾತಕೋತ್ತರ ಪದವಿಯೇ ಬೇಕು, ಅದರ ಮೇಲೊಂದು ಪರೀಕ್ಷೆ. ಇಷ್ಟೆಲ್ಲ ಆದ ಮೇಲೆ, ಇಷ್ಟವಿದ್ದವರಿಗೆ, ಈ ಒಂದು ವರ್ಷದ ರೆಸಿಡೆನ್ಸಿ.

ಈ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆಯೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬರಿಯ ಎಂ.ಎ. ನಮ್ಮ ಕಾಲೇಜಿನಲ್ಲಿ ಹೆಸರಿನ ಮುಂದೆ 'ಡಾ.' ಇಲ್ಲದ ಹಳಬರೆಂದರೆ ನಾನು ಮತ್ತು ಗ್ರಂಥಪಾಲಕರು, ಇಬ್ಬರೇ. ಆಹ್ವಾನಪತ್ರಿಕೆಯಲ್ಲಿ ಎಲ್ಲರ ಹೆಸರಿನ ಹಿಂದೆಯೂ ಆ ಚುಕ್ಕೆಯಿಟ್ಟ ಅಕ್ಷರ ಕಿರೀಟದಂತೆ ಕೂತಿರುವಾಗ ನನ್ನ ಹೆಸರಿಗೆ ಅಚ್ಚುಕೂಟದವನು ಕನಿಕರದಿಂದ ಒಂದು 'ಶ್ರೀ' ಹಾಕುತ್ತಾನೆ. ಪಾಠ ಕೇಳುವ ಹುಡುಗರಿಗೆ ವ್ಯತ್ಯಾಸ ತಿಳಿಯದು, ಅಚ್ಚುಕೂಟಕ್ಕೆ ತಿಳಿಯುತ್ತದೆ.

ಡಿಸೆಂಬರಿನಲ್ಲಿ ಪುಟ್ಟಿ ಹತ್ತು ದಿನದ ರಜೆಯಲ್ಲಿ ಬಂದಿದ್ದಳು. ಬಂದವಳು ಸುಮ್ಮನೆ ಕೂರುವವಳಲ್ಲ. ಜಗುಲಿಯ ಕುರ್ಚಿಯ ತೋಳಿಗೆ ಎರಡೆಳೆ ದಾರ ಕಟ್ಟಿಕೊಂಡು, ಒಂದೇ ಕೈಯಲ್ಲಿ ಗಂಟು ಹಾಕುವುದು, ಬಿಗಿಯುವುದು, ಮತ್ತೆ ಹಾಕುವುದು. ಶಸ್ತ್ರವೈದ್ಯರ ಗಂಟಂತೆ, ಬೆರಳು ಮರೆಯಬಾರದೆಂದು ದಿನಕ್ಕೆ ನೂರು ಹಾಕಬೇಕೆಂದು ಅವಳೇ ಮಾಡಿಕೊಂಡ ನೇಮ. ನಮ್ಮ ತಾಯಿ ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದವರು ಸ್ವಲ್ಪ ಹೊತ್ತು ನೋಡಿ, "ಎಳೆಯುವಾಗ ಎರಡನೆಯ ಬೆರಳು ಒಳಕ್ಕೆ ತಗೋ ಮಗು, ಜಾರೋದಿಲ್ಲ" ಎಂದರು. ಪುಟ್ಟಿ ಹಾಗೆಯೇ ಮಾಡಿದಳು. ಜಾರಲಿಲ್ಲ.

ಅದೇ ಜಗುಲಿಯಲ್ಲಿ ನಾನು ಅವಳನ್ನು ಕೇಳಿದೆ: "ಕಾಲು ಹಿಡಿಯೋದು ಅಂದರೆ ಏನೇ ಅದು?"

"ಹೇಳೋದಕ್ಕಿಂತ ತೋರಿಸ್ತೀನಿ ಮಾಮ" ಎಂದು ನನ್ನ ಎಡಗಾಲನ್ನು ಎತ್ತಿ ಹಿಡಿದಳು. "ಭಾರ ಇದೆಯಾ?" ಎಂದೆ. ಮನುಷ್ಯನ ಒಂದು ಕಾಲು ಅವನ ಮೈತೂಕದಲ್ಲಿ ಹತ್ತಿರ ಹತ್ತಿರ ಆರನೆಯ ಒಂದು ಪಾಲಂತೆ. ಅಮೆರಿಕದ ಫುಟ್ಬಾಲ್ ಆಡುವ ನೂರು ಕಿಲೋ ಹುಡುಗನಾದರೆ ಹದಿನಾರು ಕಿಲೋಗೆ ಮೋಸವಿಲ್ಲ. ಅವನು ಅರಿವಳಿಕೆಯಲ್ಲಿ ಮಲಗಿರುವಾಗ ಆ ಕಾಲನ್ನು ಎತ್ತಿ ಹಿಡಿದಿರಬೇಕು. ತೊಡೆಯಿಂದ ಪಾದದವರೆಗೆ ಔಷಧಿ ಬಳಿಯುವ ತನಕ ಇಳಿಸುವಂತಿಲ್ಲ, ಬಳಿದ ಜಾಗ ಬೇರೆ ಯಾವುದಕ್ಕೂ ತಗಲುವಂತಿಲ್ಲ. ಮೊದಲ ತಿಂಗಳು ಇದೇ ಕೆಲಸ. ಮೊಣಕೈವರೆಗೆ ತೊಳೆದುಕೊಂಡು, ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು, ಬೆನ್ನಿನಿಂದ ಬಾಗಿಲು ತಳ್ಳಿ ಒಳಗೆ ಹೋಗುವುದನ್ನೇ ಹದಿನೈದು ದಿನ ಕಲಿತಳಂತೆ. ನಮ್ಮ ಮಡಿ ಅದರ ಮುಂದೆ ಯಾವ ಲೆಕ್ಕ!

ಆಮೇಲಿನದು ಸೂಕ್ಷ್ಮ. ಮಂಡಿಯೊಳಗೆ ಪೆನ್ಸಿಲಿನಷ್ಟು ದಪ್ಪದ ಕೊಳವೆ ಇಳಿಸಿ, ಅದರ ತುದಿಯ ಕ್ಯಾಮೆರಾದಿಂದ ಪರದೆಯ ಮೇಲೆ ಒಳಗನ್ನು ನೋಡುತ್ತಾರೆ. ಒಳಮಗ್ಗುಲಿನ ಸಂದು ಕಾಣಬೇಕಾದರೆ ಕಾಲನ್ನು ಯಾರಾದರೂ ಹೊರಕ್ಕೆ ಒತ್ತಿ ಹಿಡಿಯಬೇಕು. ಒತ್ತು ಕಡಮೆಯಾದರೆ ಸಂದು ತೆರೆಯುವುದಿಲ್ಲ. ಹೆಚ್ಚಾದರೆ ಒಳಮಗ್ಗುಲಿನ ಅಸ್ಥಿರಜ್ಜುವೇ ಹರಿಯಬಹುದು. ಎಷ್ಟು ಒತ್ತಬೇಕೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಪರದೆಯನ್ನು ನೋಡುತ್ತಾ ಕೈ ಕಲಿಯಬೇಕು.

ಆ ಪರದೆಯ ಕಥೆಯೂ ಸ್ವಾರಸ್ಯವಾದದ್ದು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಎಂಬ ವೈದ್ಯರು ಮೂತ್ರಕೋಶ ನೋಡುವ ಕೊಳವೆಯನ್ನು ಒಂದು ಹೆಣದ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವಟನಾಬೆ 1962ರಲ್ಲಿ ಅಂಥ ಕೊಳವೆಯ ನೆರವಿನಿಂದಲೇ ಮಂಡಿಯೊಳಗಿನ ಹರಿದ ಮಿನಿಸ್ಕಸ್ಸನ್ನು ಕತ್ತರಿಸಿ ತೆಗೆದರು. ಒಲಿಂಪಿಕ್ಸ್ ನಡೆದ 1964ರಲ್ಲಿ ಟೋಕಿಯೋಕ್ಕೆ ಬಂದ ಕೆನಡಾದ ರಾಬರ್ಟ್ ಜಾಕ್ಸನ್ ಅದನ್ನು ವಟನಾಬೆಯವರಿಂದ ಕಲಿತು ತಮ್ಮ ಖಂಡಕ್ಕೆ ಒಯ್ದರು. ಆ ಕಾಲದಲ್ಲಿ ಕೊಳವೆಗೆ ಕಣ್ಣಿಟ್ಟವನಿಗೆ ಮಾತ್ರ ಒಳಗು ಕಾಣುತ್ತಿತ್ತು. ಪಕ್ಕದಲ್ಲಿ ನಿಂತವನು ಗೋಡೆ ನೋಡಬೇಕಾಗಿತ್ತು. ಕ್ಯಾಮೆರಾ ಬಂದ ಮೇಲೆ, ಕತ್ತರಿ ಹಿಡಿದವನು ನೋಡುವುದನ್ನೇ ಕಾಲು ಹಿಡಿದವಳೂ ನೋಡುತ್ತಾಳೆ.

ಇನ್ನೂ ಏನೇನು ಕಲಿಸಿದರು? ಗಾಯದ ಮೇಲುಪದರಕ್ಕೆ ಹೊಲಿಗೆ ಹಾಕುವುದು. ಹರಿದುಹೋದ ಅಸ್ಥಿರಜ್ಜುವಿನ ಜಾಗಕ್ಕೆ ರೋಗಿಯ ತೊಡೆಯ ಹಿಂಭಾಗದಿಂದಲೇ ತೆಗೆದ ಎರಡು ನರದಂಥ ಎಳೆಗಳನ್ನು, ಪಕ್ಕದ ಮೇಜಿನ ಮೇಲೆ, ಚೊಕ್ಕಟ ಮಾಡಿ, ಮಡಿಸಿ, ತುದಿಗೆ ದಾರ ಹೊಲಿದು, ದಪ್ಪ ಅಳೆದು, ಎಳೆದು ಬಿಗಿ ಮಾಡಿ ಸಿದ್ಧವಾಗಿಡುವುದು. ದಪ್ಪ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್; ಅಷ್ಟೇ ಅಗಲದ ರಂಧ್ರವನ್ನು ಮೂಳೆಯಲ್ಲಿ ಕೊರೆಯುತ್ತಾರೆ. ಕೊರೆಯುವುದು, ಕತ್ತರಿಸುವುದು ಶಸ್ತ್ರವೈದ್ಯರ ಕೆಲಸ. ಅದರ ಹತ್ತಿರ ಇವಳು ಸುಳಿಯುವಂತಿಲ್ಲ, ಸುಳಿಯುವ ಆಸೆಯೂ ತನಗಿಲ್ಲವೆಂದಳು.

ಆದರೆ ಇದೆಲ್ಲ ಅವಳಿಗೆ ಸಲೀಸಾಗಿ ದೊರೆಯಿತೆಂದು ತಿಳಿಯಬಾರದು. ಅವಳು ಇದ್ದದ್ದು ಬೋಧನೆ ನಡೆಯುವ ದೊಡ್ಡ ಆಸ್ಪತ್ರೆ. ಅಲ್ಲಿ ಐದು ವರ್ಷದ ಮೂಳೆ ಶಸ್ತ್ರಚಿಕಿತ್ಸೆಯ ರೆಸಿಡೆನ್ಸಿಗೆ ಬಂದ ಡಾಕ್ಟರುಗಳಿದ್ದಾರೆ. ಅವರೂ ಕಲಿಯಬೇಕು, ಮೇಜಿನ ಪಕ್ಕದಲ್ಲಿ ಜಾಗವಿರುವುದು ಮೂರೋ ನಾಲ್ಕೋ ಜನಕ್ಕೆ. ಡಾಕ್ಟರ್ ರೆಸಿಡೆಂಟ್ ಬಂದ ದಿನ ಟ್ರೇನರ್ ರೆಸಿಡೆಂಟ್ ಗೋಡೆಯ ಪಕ್ಕಕ್ಕೆ. ಒಬ್ಬಾತ, "ನೀನು ಐಸ್ ಚೀಲ ಕಟ್ಟುವವಳಲ್ಲವೆ, ಇಲ್ಲೇನು ಕೆಲಸ?" ಎಂದನಂತೆ. ಅದು ತಮಾಷೆಗೆ ಹೇಳಿದ ಮಾತೆಂದು ಪುಟ್ಟಿ ಅವನ ಪರವಾಗಿ ವಾದಿಸಿದಳು. ತಮಾಷೆಯೇ ಇರಬಹುದು. ಆದರೆ ಅದನ್ನು ಅವಳು ಏಳು ಸಮುದ್ರ ದಾಟಿಸಿ ನಮ್ಮ ಜಗುಲಿಯವರೆಗೆ ತಂದಿದ್ದಳು.

ಕಾನೂನಿನ ತೊಡಕು ಬೇರೆ. ಟ್ರೇನರು ಏನು ಮಾಡಬಹುದು, ಏನು ಮಾಡಬಾರದು ಎಂಬುದು ಒಂದೊಂದು ಸಂಸ್ಥಾನದಲ್ಲಿ ಒಂದೊಂದು ಬಗೆ. ಅದರೊಳಗೆ ಆಸ್ಪತ್ರೆಯ ಅನುಮತಿ ಇನ್ನೊಂದು. ವೃದ್ಧರ ಚಿಕಿತ್ಸೆಗೆ ಹಣ ಕೊಡುವ ಅಲ್ಲಿನ ಸರ್ಕಾರದ ಮೆಡಿಕೇರ್ ಯೋಜನೆ, ಶಸ್ತ್ರಚಿಕಿತ್ಸೆಯಲ್ಲಿ ನೆರವಾದವರಿಗೆ ಪ್ರತ್ಯೇಕವಾಗಿ ಹಣ ಕೊಡುವಾಗ ಡಾಕ್ಟರು, ಫಿಜಿಷಿಯನ್ ಅಸಿಸ್ಟೆಂಟು, ಹೆಚ್ಚಿನ ಓದಿನ ಕೆಲವು ಬಗೆಯ ನರ್ಸುಗಳು ಎಂದು ಹೆಸರಿಸಿ ನಿಲ್ಲಿಸುತ್ತದೆ. ಟ್ರೇನರ ಹೆಸರಿಲ್ಲ. ವರ್ಷದ ಕೊನೆಗೆ ಪ್ರಮಾಣಪತ್ರವೇನೋ ಕೊಡುತ್ತಾರೆ. ಆದರೆ ಒಂದು ವರ್ಷ ಕೈಗೆ ವಿದ್ಯೆ ಕಲಿಸಿ, ಆ ಕೈ ಮಾಡಿದ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಸಾಲನ್ನೇ ಇಡದಿರುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಅಕ್ಕನಿಗೆ ಸಮಾಧಾನ ಹೇಳಲು ನಾನು ಒಮ್ಮೆ ವಿವಿಯನ್ ಥಾಮಸ್ ಎಂಬುವನ ಕಥೆ ಹೇಳಿದೆ. ಅದೇ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ಆತ ಕರಿಯರವನು, ಬಡಗಿಯ ಕೆಲಸ ಬಲ್ಲವನು. ಡಾಕ್ಟರಾಗಬೇಕೆಂದು ಕೂಡಿಟ್ಟ ಹಣ ಆರ್ಥಿಕ ಕುಸಿತದಲ್ಲಿ ಕೊಚ್ಚಿಹೋಗಿ, ಆಲ್ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯರ ಪ್ರಯೋಗಶಾಲೆಯಲ್ಲಿ ಆಳಾಗಿ ಸೇರಿದ. ಜಾಡಮಾಲಿಯ ದರ್ಜೆಯಲ್ಲಿ ಸಂಬಳ. ಹುಟ್ಟಿನಿಂದಲೇ ಹೃದಯದೋಷದಿಂದ ಮೈ ನೀಲಿಗಟ್ಟುವ ಮಕ್ಕಳಿಗಾಗಿ ಮಾಡುವ ಶಸ್ತ್ರಚಿಕಿತ್ಸೆಯನ್ನು ನಾಯಿಗಳ ಮೇಲೆ ಮಾಡಿ ಮಾಡಿ ಪಳಗಿದ್ದವನು ಅವನು. 1944ರ ನವೆಂಬರ್ 29ರಂದು ಮೊದಲನೆಯ ಮಗುವಿಗೆ ಆ ಚಿಕಿತ್ಸೆ ನಡೆದಾಗ ಥಾಮಸ್ ಒಂದು ಮೆಟ್ಟಿಲುಮಣೆಯ ಮೇಲೆ ಬ್ಲೇಲಾಕರ ಬೆನ್ನ ಹಿಂದೆ ನಿಂತು, ಹೀಗಲ್ಲ ಹಾಗೆ ಎಂದು ಹೇಳಿಕೊಡುತ್ತಿದ್ದ. 1976ರಲ್ಲಿ ಆ ವಿಶ್ವವಿದ್ಯಾನಿಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೂ ವೈದ್ಯದ್ದಲ್ಲ, ಕಾನೂನಿನದು.

ಅಕ್ಕ ಎಲ್ಲವನ್ನೂ ಕೇಳಿ, "ಮೂವತ್ತೆರಡು ವರ್ಷ ಕಾಯಬೇಕಾಯ್ತು ಅನ್ನು" ಎಂದಳು. ನನ್ನ ಸಮಾಧಾನ ಅಲ್ಲಿಗೇ ನಿಂತಿತು.

ಪುಟ್ಟಿ ಜಗುಲಿಯಲ್ಲಿ ನನ್ನ ಕಾಲು ಹಿಡಿದಳೆಂದೆನಷ್ಟೆ. ಹಿಡಿದವಳು ಕೆಳಗಿಡಲಿಲ್ಲ. ಮಂಡಿಯನ್ನು ಸ್ವಲ್ಪ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಭದ್ರವಾಗಿ ಒತ್ತಿ, ಇನ್ನೊಂದರಿಂದ ಮೊಣಕಾಲ ಕೆಳಭಾಗವನ್ನು ಮುಂದಕ್ಕೆ ಎಳೆದಳು. ಫಿಲಡೆಲ್ಫಿಯದ ಲಾಕ್‌ಮನ್ ಎಂಬ ಮೂಳೆವೈದ್ಯರು ಕಲಿಸುತ್ತಿದ್ದ ಪರೀಕ್ಷೆ ಇದು. 1976ರಲ್ಲಿ ಅವರ ಶಿಷ್ಯರು ಇದನ್ನು ಪ್ರಕಟಿಸಿ ಗುರುವಿನ ಹೆಸರನ್ನೇ ಇಟ್ಟರು. ಎಳೆದಾಗ ಒಳಗೆ ಹಗ್ಗ ಬಿಗಿದಂತೆ ತಟ್ಟನೆ ನಿಲ್ಲಬೇಕಂತೆ. ನನ್ನದು ನಿಲ್ಲಲಿಲ್ಲ. ಇಪ್ಪತ್ತು ಸೆಕೆಂಡೂ ಆಗಿರಲಾರದು.

"ಮಾಮ, ನಿಮಗೆ ಎಸಿಎಲ್ಲೇ ಇಲ್ಲ" ಎಂದಳು. "ಯಾವಾಗ ಹೋಯ್ತು?"

ನನಗೆ ಗೊತ್ತಿತ್ತು. ಬಿ.ಎ. ಎರಡನೆಯ ವರ್ಷ, ಅಂತರಕಾಲೇಜು ಕಬಡ್ಡಿ. ತಿರುಗುವಾಗ ಮಂಡಿಯೊಳಗೆ ಟಕ್ಕೆಂದು ಶಬ್ದವಾಯಿತು; ಸಂಜೆಯ ಹೊತ್ತಿಗೆ ಮಂಡಿ ಕುಂಬಳಕಾಯಿಯಾಗಿತ್ತು. ನಮ್ಮ ದೈಹಿಕ ಶಿಕ್ಷಣದ ಮೇಷ್ಟರು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ಏನೂ ಆಗಿಲ್ಲ ಎಂದರು. ಅಸ್ಥಿರಜ್ಜು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವೆಂದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ ಮತ್ತೆ ಆಡಲು ಹೋಗಿ ಎರಡನೆಯ ಸಲ ಬಿದ್ದು ಎಷ್ಟೋ ವರ್ಷಗಳಾದ ಮೇಲೆ. ಮೇಷ್ಟರನ್ನು ದೂರಲಾರೆ, ಎರಡು ಮೈಲಿ ನನ್ನನ್ನು ತುಳಿದುಕೊಂಡು ಹೋದ ಪುಣ್ಯಾತ್ಮರು. ಮತ್ತೆ ಆಡಬೇಡವೆಂದು ಹೇಳಬೇಕಾದಷ್ಟು ತಿಳಿದವರು ಅಂದು ಮೈದಾನದಲ್ಲಿ ಯಾರೂ ಇರಲಿಲ್ಲ, ಅಷ್ಟೆ. ಈಗ ನಮ್ಮ ಕಾಲೇಜಿನ ಮೂರನೆಯ ಮಹಡಿಗೆ ಹತ್ತುವಾಗ ಒಂದು ಮೆಟ್ಟಿಲಿಗೆ ಒಂದು ಸಲ ಕೈಪಿಡಿ ಹಿಡಿಯುತ್ತೇನೆ. ಹುಡುಗರು ಅದನ್ನು ಗಾಂಭೀರ್ಯವೆಂದು ತಿಳಿದಿದ್ದಾರೆ.

ಏಪ್ರಿಲಿನಲ್ಲಿ ಅವಳು ಫೋನಿನಲ್ಲಿ ಹೇಳಿದ ಸಂಗತಿ ಇದರ ಜೊತೆಗೆ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೆಸರು ಹೇಳಲಿಲ್ಲ, ರೋಗಿಯ ಗುಟ್ಟು ಬಿಡುವಂತಿಲ್ಲ. ಶಾಲೆಯ ಹುಡುಗ. ಸೆಪ್ಟೆಂಬರಿನಲ್ಲಿ ಫುಟ್ಬಾಲ್ ಆಡುತ್ತಾ ಬಿದ್ದಾಗ ಮೈದಾನದಂಚಿನಲ್ಲಿ ಇವಳೇ ಇದ್ದಳು. ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆಯಾದಾಗ ಕಾಲು ಹಿಡಿದವಳೂ ಇವಳೇ. ಆರು ತಿಂಗಳಿಗೆ ಹುಡುಗ ಓಡುತ್ತಿದ್ದ, ಜಿಗಿಯುತ್ತಿದ್ದ, ನೋವಿಲ್ಲ, ಊತವಿಲ್ಲ. ಬೇಸ್‌ಬಾಲ್ ಆಡಿಸಬೇಕೆಂದು ತಂದೆಗೆ ಆತುರ. ಹೊಸದಾಗಿ ಕೂರಿಸಿದ ಎಳೆಗೆ ಮೊದಲು ರಕ್ತಸಂಚಾರವಿರುವುದಿಲ್ಲ. ಅದು ಮೊದಲ ಕೆಲವು ವಾರಗಳಲ್ಲಿ ಬಲವಾಗುವ ಬದಲು ಬಲಗುಂದುತ್ತದೆ. ಆಮೇಲೆ ನಿಧಾನವಾಗಿ ದೇಹ ಅದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಹುಡುಗನಿಗೆ ಚೆನ್ನಾಯಿತೆನ್ನಿಸುವುದೂ ಅದು ನಿಜವಾಗಿ ಚೆನ್ನಾಗುವುದೂ ಒಂದೇ ದಿನ ನಡೆಯುವುದಿಲ್ಲ. 2016ರಲ್ಲಿ ನಾರ್ವೆ ಮತ್ತು ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶಸ್ತ್ರವೈದ್ಯರು ಒಂಬತ್ತು ತಿಂಗಳೆಂದೇ ಹೇಳಿದ್ದರು. ಆದರೆ ಅವರು ತಿಂಗಳಿಗೊಮ್ಮೆ ಹತ್ತು ನಿಮಿಷ ಸಿಕ್ಕುವವರು. ದಿನ ಬೆಳಗಾದರೆ ತಂದೆಯ ಕಣ್ಣಿಗೆ ಬೀಳುವವಳು ಪುಟ್ಟಿ.

ಪುಟ್ಟಿ ಆಗದು ಎಂದಳು. "ನೀನು ಡಾಕ್ಟರೇನು?" ಎಂದು ತಂದೆ ಕೇಳಿದ.

"ನೀನೇನು ಹೇಳಿದೆ?" ಎಂದೆ.

"ಅಲ್ಲ ಅಂದೆ. ಆದರೆ ಆ ಎಳೆ ಹೊಲಿಯೋವಾಗ ನನ್ನ ಕೈಯಲ್ಲಿತ್ತು, ಅದು ಎಷ್ಟು ದಪ್ಪ ಅಂತ ನನಗೆ ಗೊತ್ತು ಅಂದೆ. ಥಿಯೇಟರಿಗೆ ಹೋಗೋದಕ್ಕೆ ಮುಂಚೆ ಆಗಿದ್ದರೆ ಪುಸ್ತಕ ನೋಡಿ ಹೇಳ್ತಿದ್ದೆ ಮಾಮ. ಅಷ್ಟು ಗಟ್ಟಿಯಾಗಿ ಹೇಳೋಕೆ ಆಗ್ತಿರಲಿಲ್ಲ."

"ಆಮೇಲೆ?"

"ಶಾಲೆಯ ತಂಡದಲ್ಲಿ ಬಿಡಲಿಲ್ಲ. ಹೊರಗಿನ ಕ್ಲಬ್ಬಿನಲ್ಲಿ ಆಡಿಸಿದರು."

"ಕಾಲು?"

"ಇನ್ನೂ ಚೆನ್ನಾಗೇ ಇದೆ. ಅದೇ ಕಷ್ಟ."

ಈ ವರ್ಷ ಜುಲೈಯಲ್ಲಿ ಅವಳ ಗುರುಕುಲವಾಸ ಮುಗಿಯಿತು. ಫಿಜಿಷಿಯನ್ ಅಸಿಸ್ಟೆಂಟ್ ಓದಿಗೆ ಸೇರಿದರೆ ಎರಡು ವರ್ಷಕ್ಕೂ ಮೀರಿದ ಓದು, ಸಾಲ. ಕೊನೆಯಲ್ಲಿ ಮೇಜಿನ ಪಕ್ಕ ಕಾನೂನಿನ ಜಾಗ. ಆಸ್ಪತ್ರೆಯವರೇ ಶಸ್ತ್ರವೈದ್ಯರ ಸಹಾಯಕಿಯಾಗಿರು ಎಂದು ಒಂದು ಕೆಲಸವನ್ನೂ ಹೇಳಿದ್ದರು. ಭಾವನವರು ಮೊದಲನೆಯದನ್ನು ಹಿಡಿ ಎಂದರು, ಅಕ್ಕ ಎರಡನೆಯದಾದರೂ ಸರಿ ಎಂದಳು. ಪುಟ್ಟಿ ಎರಡನ್ನೂ ಬಿಟ್ಟು, ಅವರ ಊರಿನಿಂದ ಎರಡು ಗಂಟೆ ದೂರದ ಒಂದು ಶಾಲೆಯಲ್ಲಿ ಟ್ರೇನರಾಗಿ ಸೇರಿದಳು. ಕಲಿತ ಗಂಟುಗಳೆಲ್ಲ ವ್ಯರ್ಥವಾಗಲಿಲ್ಲವೆ ಎಂದು ನನಗೂ ಒಳಗೊಳಗೆ ಅನ್ನಿಸಿತು. ಹೇಳಲಿಲ್ಲ. ಎಂ.ಎ. ಓದಿ ಹಳಗನ್ನಡ ವ್ಯಾಕರಣ ಕಲಿತು ಅರ್ಜಿ ಬರೆಯುವುದನ್ನು ಹೇಳಿಕೊಡುತ್ತಿರುವವನು ನಾನು.

ಮೊನ್ನೆ ಶನಿವಾರ ಬೆಳಿಗ್ಗೆ ಆರು ಗಂಟೆಯಿರಬಹುದು. ಪುಟ್ಟಿ ಹೇಳಿಕೊಟ್ಟ ಪ್ರಕಾರ ಚಾಪೆಯ ಮೇಲೆ ಮಲಗಿ ಕಾಲು ನೀಳವಾಗಿ ಚಾಚಿ ಒಂದಡಿ ಎತ್ತಿದ್ದೆ. ನಮ್ಮಾಕೆ ಅಡಿಗೆಮನೆಯಿಂದಲೇ ಎಣಿಸುತ್ತಿದ್ದಳು. ಏಳಕ್ಕೆ ಫೋನು ಬಂತು. ಅಕ್ಕ, ಅಲ್ಲಿ ಶುಕ್ರವಾರ ರಾತ್ರಿ. ಹಿಂದೆ ದೀಪಗಳು, ಬ್ಯಾಂಡು, ಜನದ ಗದ್ದಲ. ಮಗಳು ಕೆಲಸ ಮಾಡುವುದನ್ನು ನೋಡಲು ಮೊದಲ ಸಲ ಆಟಕ್ಕೆ ಹೋಗಿದ್ದಳು. "ನೋಡೋ, ಅಲ್ಲಿ, ಗೆರೆ ಹತ್ತಿರ, ಚೀಲ ಹಾಕಿಕೊಂಡಿದಾಳಲ್ಲ" ಎಂದು ಫೋನನ್ನು ಆ ಕಡೆ ತಿರುಗಿಸಿದಳು. ಹೆಬ್ಬೆಟ್ಟಿನಷ್ಟು ಕಂಡಳು ಪುಟ್ಟಿ. ಆಟದ ನಿಯಮಗಳು ಅಕ್ಕನಿಗೂ ತಿಳಿಯವು, ನನಗೂ ತಿಳಿಯವು. ಇಬ್ಬರೂ ಆ ಹೆಬ್ಬೆಟ್ಟನ್ನೇ ನೋಡುತ್ತಿದ್ದೆವು.

ಒಮ್ಮೆಲೇ ಸೀಟಿ. ಹುಡುಗರೆಲ್ಲ ದೂರ ಸರಿದರು, ಒಬ್ಬ ನೆಲದಲ್ಲೇ ಉಳಿದ. ಬ್ಯಾಂಡು ನಿಂತಿತು.

"ಓಡ್ತಿದಾಳೆ" ಎಂದಳು ಅಕ್ಕ. ಫೋನು ಅವಳ ಕೈಯಲ್ಲಿ ನಡುಗುತ್ತಿತ್ತು. ಒಂದು ಗಳಿಗೆ ಆಕಾಶ ಕಂಡಿತು, ಒಂದು ಗಳಿಗೆ ಯಾರದೋ ಬೆನ್ನು. ಮತ್ತೆ ಮೈದಾನ ಕಂಡಾಗ ಪುಟ್ಟಿ ಮಂಡಿಯೂರಿ ಕೂತಿದ್ದಳು. ಏನೋ ಕೇಳಿದಳು, ತಲೆ ಬಗ್ಗಿಸಿ ಏನೋ ಕೇಳಿಸಿಕೊಂಡಳು. ಅಷ್ಟು ಸಾವಿರ ಜನ ಒಂದು ಮಾತಾಡುತ್ತಿರಲಿಲ್ಲ.

"ಕಾಲು ಹಿಡಿದಳು ಕಣೋ" ಎಂದಳು ಅಕ್ಕ.

ಅಡಿಗೆಮನೆಯಿಂದ ಎಂಟು, ಒಂಬತ್ತು ಎಂದು ಎಣಿಕೆ ಬರುತ್ತಿತ್ತು. ನಾನು ಕಾಲು ಇಳಿಸಲಿಲ್ಲ.